ಪರದೆಯ ಮುಂದಿನ ಸೀಟು

ಎಲ್ಲಕ್ಕೂ ಮೂಲ ಒಂದು ಮುರುಕು ಏಣಿ. ಸೀಟು ಹೊಲಿಯುವ ಕಾರ್ಖಾನೆಯ ಯಜಮಾನರು ಬೆಳಿಗ್ಗೆ ಎದ್ದವರೇ ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಲು ಅದನ್ನು ಹತ್ತಿದರು. ಸೂಟ್‌ಕೇಸ್ ಸುಖವಾಗಿ ಕೆಳಗೆ ಬಂತು. ಯಜಮಾನರು ಅದಕ್ಕಿಂತ ಸ್ವಲ್ಪ ಮೊದಲೇ ಬಂದಿದ್ದರು. ಆ ದಿನ ಪಕ್ಕದ ದೇಶಕ್ಕೆ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಹಾರಬೇಕಿದ್ದ ಅವರ ಸೊಂಟ ಹೀಗೆ ಮಂಚ ಹಿಡಿಯಿತು, ಹಾರುವ ಯೋಗ ಗಂಟಣ್ಣನಿಗೆ ಬಂತು.

ಗಂಟಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸೀಟಿನ ಕವರು ಹೊಲಿದು ಮುಗಿಸಿದ ಮೇಲೆ, ಬೆನ್ನು ತಾಗುವ ಜಾಗದ ಒಳಗೆ, ದಾರದ ಕೊನೆಗೆ ಅವನೊಂದು ಗಂಟು ಹಾಕುತ್ತಿದ್ದ. ಆ ಗಂಟನ್ನು ಬಿಚ್ಚುವ ಗಂಡು ಇನ್ನೂ ಹುಟ್ಟಿಲ್ಲ ಎಂದು ಕಾರ್ಖಾನೆಯಲ್ಲಿ ಪ್ರತೀತಿ. ಅದು ಸಾಲದೆಂದು ಸೀಟಿನ ಮುಂದಂಚಿಗೆ ಒಂದು ಹುರಿಯನ್ನೂ ಸೇರಿಸಿ ಹೊಲಿಯುತ್ತಿದ್ದ. ಬೇರೆಯವರ ಹುರಿ ಪೆನ್ಸಿಲಿನಷ್ಟು ದಪ್ಪವಿದ್ದರೆ ಗಂಟಣ್ಣನದು ಹೆಬ್ಬೆರಳಿನಷ್ಟು. ‘ಸೀಟು ಅಂದ್ರೆ ನೂರು ವರ್ಷ ಬಾಳ್ಬೇಕು’ ಎಂಬುದು ಅವನ ಸಿದ್ಧಾಂತ. ಅದರ ಮೇಲೆ ಕೂತವರು ಹೇಗೆ ಬಾಳಬೇಕು ಎಂದು ಯೋಚಿಸುವ ಸಂದರ್ಭ ಅವನಿಗೆ ಬಂದಿರಲಿಲ್ಲ. ಯಾಕೆಂದರೆ ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮುಗಿದ ಸೀಟಿನ ಮೇಲೆ ಕೆಲಸದವರು ಕೂರುವಂತಿಲ್ಲ. “ಮುಗಿದ ಸೀಟು ಅಂದ್ರೆ ಇಸ್ತ್ರಿ ಮಾಡಿಟ್ಟ ಬಟ್ಟೆ ಕಣ್ರೋ. ಕಣ್ಣಲ್ಲಿ ನೋಡಿ, ಸಾಕು” ಎನ್ನುತ್ತಿದ್ದರು ಯಜಮಾನರು. ಕೆಲಸದವರೆಲ್ಲ ಮರದ ಸ್ಟೂಲಿನ ಮೇಲೆ ಕೂತು ಲೋಕಕ್ಕೆಲ್ಲ ಮೆತ್ತನೆಯ ಸೀಟು ಹೊಲಿದು ಕಳಿಸುತ್ತಿದ್ದರು. ತಾನು ಹೊಲಿದ ಒಂದು ಸೀಟಿನ ಮೇಲೂ ಗಂಟಣ್ಣ ಈವರೆಗೆ ಕೂತವನಲ್ಲ.

ಸುದ್ದಿ ತಿಳಿದು ಅವನು ಓಡಿ ಬಂದಾಗ ಯಜಮಾನರು ಬೋರಲು ಮಲಗಿ, ದಿಂಬಿನೊಳಗಿಂದ ಮಾತಾಡುತ್ತಿದ್ದರು. ಪಕ್ಕದಲ್ಲಿ ಡಾಕ್ಟರು ಸಿರಿಂಜಿಗೆ ಔಷಧ ಎಳೆಯುತ್ತಿದ್ದರು.

“ನಿಂಗೆ ಪಾಸ್‌ಪೋರ್ಟ್ ಇದ್ಯಲ್ಲ?”

“ಇದೆ ಯಜಮಾನ್ರೇ. ತಂಗಿ ಮದುವೆಗೆ ಅಂತ ಮಾಡಿಸಿದ್ದು. ಆಮೇಲೆ ಗಂಡಿನ ಕಡೆಯೋರೇ ಇಲ್ಲಿಗೆ ಬಂದ್ಬಿಟ್ರು.”

“ಸರಿ. ಟಿಕೆಟ್ಟಿಗೆ ನಿನ್ನ ಹೆಸರು ಹಾಕ್ಸಿದೀನಿ. ವಿಮಾನದ ಕಂಪನಿಯೋರೇ ಕಳಿಸಿರೋ ಟಿಕೆಟ್ಟು. ಅವರ ವಿಮಾನಗಳಿಗೆಲ್ಲ ಹೊಸ ಸೀಟ್ ಕವರು ಬೇಕಂತೆ. ಇನ್ನೊಂದು ಕಾರ್ಖಾನೆಯೋರೂ ಬಾಯಿ ಬಿಟ್ಕೊಂಡು ಕಾಯ್ತಿದಾರೆ. ನೀನು ಹೋಗಿ ಅಲ್ಲಿ ಖರೀದಿ ಮೇಡಂನ ನೋಡಿ ಮಾತಾಡು. ಈ ಆರ್ಡರ್ ಸಿಕ್ಕಿದ್ರೆ ಕೆಲ್ಸ ಇಲ್ದೆ ಮುಸುಕು ಹಾಕಿರೋ ಮಷಿನ್ ಎಲ್ಲ ಮತ್ತೆ ತಿರುಗುತ್ತೆ. ನೀನೇ ಮೇಸ್ತ್ರಿ, ಮೇಸ್ತ್ರಿ ಕೂರೋ ಗಾಜಿನ ರೂಮೂ ನಿಂದೇ. ಸಿಗ್ಲಿಲ್ವೋ, ನಿನ್ನ ಮಷಿನ್‌ಗೂ ಮುಸುಕೇ.”

ಗಂಟಣ್ಣನ ಎದೆ ಹೊಲಿಗೆಯಂತ್ರದ ಹಾಗೆ ಓಡತೊಡಗಿತು. ಅಷ್ಟರಲ್ಲಿ ಡಾಕ್ಟರು ಸೂಜಿ ಚುಚ್ಚಿದರು.

“ಅಯ್ಯಪ್ಪಾ! ಇನ್ನೊಂದು ಮುಖ್ಯವಾದ ಮಾತು, ಗಮನ ಇಟ್ಟು ಕೇಳು. ನೀನು ಕೂರೋ ಆ ಸೀಟಿದ್ಯಲ್ಲ... ಅದು...”

ಗಂಟಣ್ಣ ಬಗ್ಗಿ ಕಿವಿ ಕೊಟ್ಟ. ದಿಂಬಿನೊಳಗಿಂದ ಗೊರಕೆ ಬಂತು.

“ಇನ್ನು ಸಂಜೆವರೆಗೂ ಎಬ್ಬಿಸಬೇಡಿ” ಎಂದರು ಡಾಕ್ಟರು.

ಮುಖ್ಯವಾದ ಮಾತು ಏನಿರಬಹುದೆಂದು ಗಂಟಣ್ಣನಿಗೆ ಹೊಳೆಯಲು ತಡವಾಗಲಿಲ್ಲ. ಯಜಮಾನರು ಸೀಟಿನ ವಿಷಯ ಎತ್ತಿದರೆ ಹೇಳುವುದು ಒಂದೇ, ಕೊಳೆ ಮಾಡಬೇಡ ಅಂತ. ಮನೆಗೆ ಹೋಗಿ ಒಂದು ಒಗೆದ ಟವೆಲ್ಲನ್ನು ಚೀಲಕ್ಕೆ ಹಾಕಿಕೊಂಡ.

ಬಿಸಿನೆಸ್ ಕ್ಲಾಸು ಎಂಬ ಮಾತು ಬೀದಿಯಲ್ಲಿ ಹಬ್ಬಲು ಹೆಂಡತಿ ಒಂದು ಸಲ ನೀರು ಹಿಡಿಯಲು ಹೋಗಿ ಬಂದದ್ದೇ ಸಾಕಾಯಿತು. ಅವಳ ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. “ಹೋದ ತಿಂಗಳು ಹಲ್ಲಿನ ಡಾಕ್ಟ್ರ ಮನೇಲಿ ಜನ ಕಾಯೋಕೆ ಅಂತ ಒಂದು ಸೀಟ್ ಕವರು ಹೊಲ್ದಿದ್ರಲ್ಲ, ಯಜಮಾನ್ರು ಅದನ್ನ ಎಳೆ ಮಗು ಥರ ಎತ್ಕೊಂಡು ಹೋದ್ರು. ಆಗ್ಲೇ ಅಂದ್ಕೊಂಡೆ ಕಣ್ರೀ, ನಿಮ್ಮ ಕೈಗುಣ ದೊಡ್ಡೋರ ಕಣ್ಣಿಗೆ ಬೀಳುತ್ತೆ ಅಂತ” ಎಂದು ಅವನ ಷರಟಿಗೆ ಗುಂಡಿ ಹಾಕಿದಳು.

ಕೋಟಿಲ್ಲದೆ ಬಿಸಿನೆಸ್ ಕ್ಲಾಸೇ ಎಂದು ಬೀದಿ ಕೇಳಿತು. ಮೂಲೆಯ ಫೋಟೋ ಸ್ಟುಡಿಯೋದವನು ಗೂಟದಿಂದ ತನ್ನ ಕರಿ ಕೋಟು ಇಳಿಸಿಕೊಟ್ಟ. ಆ ಬೀದಿಯ ಗಂಡಸರೆಲ್ಲ ಫೋಟೋಗೆ ತೊಟ್ಟಿದ್ದ ಕೋಟು ಅದು. ಎಂಥ ಹೊಟ್ಟೆಗೂ ಹೊಂದಲಿ ಎಂದು ಬೆನ್ನಿನ ಕಡೆ ಕತ್ತಿನಿಂದ ಸೊಂಟದವರೆಗೆ ಸೀಳಿ, ಸೇಫ್ಟಿ ಪಿನ್ನು ಹಾಕಿಟ್ಟಿದ್ದ.

“ಮುಂದಿನಿಂದ ರಾಜ. ಹಿಂದಕ್ಕೆ ಮಾತ್ರ ತಿರುಗ್ಬೇಡ” ಎಂದು ಎಚ್ಚರಿಸಿದ.

ಎಲ್ಲರ ಉಪದೇಶ ಮುಗಿದ ಮೇಲೆ ಎದುರುಮನೆಯ ಕಂಡಕ್ಟರ್ ಮಾವ ಕೆಮ್ಮಿದರು. ಬಸ್ಸಿನಲ್ಲಿ ಮೂರು ದಶಕ ಟಿಕೆಟ್ ಹರಿದು ನಿವೃತ್ತರಾದವರು. ಪ್ರಯಾಣದ ವಿಷಯದಲ್ಲಿ ಅವರ ಮಾತಿಗೆ ಬೀದಿಯಲ್ಲಿ ಎದುರಿಲ್ಲ. ವಿಮಾನ ಹತ್ತಿದವರಲ್ಲ, ಅದು ಬೇರೆ ಮಾತು.

“ನೋಡು ಗಂಟಣ್ಣ, ವಿಮಾನವೂ ಒಂದು ಬಸ್ಸೇ. ಡ್ರೈವರ್ರು ಬಾಗಿಲು ಹಾಕ್ಕೊಂಡಿರ್ತಾನೆ ಅಷ್ಟೇ. ನನ್ನ ಬಸ್ಸಲ್ಲಿ ‘ಪರವಾಗಿಲ್ಲ, ಪರವಾಗಿಲ್ಲ’ ಅಂದೋನು ಕೊನೇ ಸ್ಟಾಪ್‌ವರೆಗೂ ನಿಂತೇ ಬಂದ. ಗೊಣಗಿದೋನಿಗೆ ಕಿಟಕಿ ಸೀಟು. ಮೊದಲನೇ ಸಲ ಬಂದಿರೋನು ಎಲ್ಲಾದಕ್ಕೂ ಹಲ್ಲು ಕಿರೀತಾನೆ. ಹುಟ್ಟಿದಾಗಿಂದ ಓಡಾಡಿರೋನು ಎಲ್ಲಾದ್ರಲ್ಲೂ ತಪ್ಪು ಹಿಡೀತಾನೆ. ಅವ್ರು ಏನೇ ಕೊಡ್ಲಿ, ಚೆನ್ನಾಗಿಲ್ಲ ಅನ್ನು. ಆಮೇಲೆ ನೋಡು ಮರ್ಯಾದೆ!”

ಗಂಟಣ್ಣ ತಲೆಯಾಡಿಸಿದ. ಚೆನ್ನಾಗಿಲ್ಲ, ಚೆನ್ನಾಗಿಲ್ಲ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಟ್ಯಾಕ್ಸಿಯವನು ತನ್ನ ಕಾರಿಗೇ ಹೇಳುತ್ತಿದ್ದಾನೆಂದು ತಿಳಿದು ಮುಖ ಸಿಂಡರಿಸಿಕೊಂಡ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ.

“ಅದೇ ಕೋಟಾ?” ಎಂದ.

“ಹೌದು ಸಾರ್. ಬಾಳಿಕೆ ಚೆನ್ನಾಗಿದೆ.”

ತಪಾಸಣೆಯಲ್ಲಿ ಕೋಟು ಕಳಚಿ ಎಂದಾಗ ಮಾನ ಹರಾಜಾಯಿತು. ಪಿನ್ನುಗಳು ಒಂದೊಂದೂ ಕೂಗಿಕೊಂಡವು. ಅವನ್ನೆಲ್ಲ ಬಿಚ್ಚಿಸಿದರು. ಕೊನೆಗೆ ಷರಟಿನ ಕಾಲರಿನಲ್ಲಿ ಸದಾ ಚುಚ್ಚಿಕೊಂಡಿರುತ್ತಿದ್ದ ಡೊಂಕು ಸೂಜಿಯೂ ಹೋಯಿತು. ಸೀಟು ಹೊಲಿಯುವವನ ಸೂಜಿ ಕಿತ್ತುಕೊಂಡರೆ ಅವನಿಗೆ ಬಟ್ಟೆಯಿಲ್ಲದಂತೆ ಆಗುತ್ತದೆ. ಬೆನ್ನ ಹಿಂದೆ ಎರಡು ಬಾಗಿಲಿನಂತೆ ತೆರೆದುಕೊಂಡ ಕೋಟನ್ನು ಒಂದು ಕೈಯಲ್ಲಿ ಹಿಡಿದು, ಗೋಡೆಗೆ ಬೆನ್ನು ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ವಿಮಾನ ಹತ್ತಿದ.

ಬಾಗಿಲಲ್ಲೇ ಗಗನಸಖಿ ಕೈಮುಗಿದು, “ಬನ್ನಿ ಸರ್, ಮೊದಲನೇ ಸಾಲು, ಕಿಟಕಿ ಸೀಟು” ಎಂದಳು. ಆ ಒಂದು ಮಾತಿಗೆ ಪಿನ್ನು, ಸೂಜಿ ಎಲ್ಲ ಮರೆತುಹೋಯಿತು. ಕೇಳದೆಯೇ ಕಿಟಕಿ! ಸೀಟಿಗೆ ಬೂದು ಬಣ್ಣದ ತೆಳು ಬಟ್ಟೆಯೊಂದನ್ನು ಮುಸುಕಿನಂತೆ ಹೊದಿಸಿದ್ದರು. ಗಂಟಣ್ಣ ಅದರ ಮೇಲೆ ತನ್ನ ಟವೆಲ್ಲು ಹಾಸಿ ಕೂತ. ಹಿಂದಿನ ಸೀಟುಗಳಿಗೆ ಹೋಗುವವರೆಲ್ಲ ಅವನನ್ನು ದಾಟಿಯೇ ಹೋಗಬೇಕಿತ್ತು. ಅವನು ಒಬ್ಬೊಬ್ಬರಿಗೂ ಮದುವೆಮನೆಯ ಯಜಮಾನನಂತೆ ತಲೆಬಾಗಿ, “ಹೋಗಿ, ಹೋಗಿ, ಹಿಂದೆ ಜಾಗ ಇದೆ” ಎಂದ. ಎಲ್ಲರೂ ಕೂತ ಮೇಲೆ ಗಗನಸಖಿ ಬೆನ್ನ ಹಿಂದೆ ಒಂದು ಪರದೆ ಎಳೆದಳು. ಪರದೆಯ ಮುಂದೆ ಉಳಿದವರು ಬೆರಳೆಣಿಕೆಯ ಜನ. ಅವರಲ್ಲಿ ತಾನೊಬ್ಬ! ಗಂಟಣ್ಣನಿಗೆ ಕೂಗಬೇಕೆನ್ನಿಸುವಷ್ಟು ಸಂತೋಷವಾಯಿತು. ಕೂಗಲಿಲ್ಲ, ಟವೆಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ.

ನಡುದಾರಿಯ ಆಚೆ, ಅದೇ ಸಾಲಿನಲ್ಲಿ, ಸ್ವೆಟರ್ ತೊಟ್ಟ ಒಬ್ಬ ಹಿರಿಯರು ಕೂತಿದ್ದರು. ಅವರ ಸೀಟಿಗೂ ಅದೇ ಬೂದು ಮುಸುಕು. ಗಂಟಣ್ಣನ ಟವೆಲ್ಲು ನೋಡಿ ಅವರು ಮೆಲ್ಲಗೆ ನಕ್ಕರು.

ಆಕಳಿಸಿ ಬಾಯಿ ಮುಚ್ಚುವಷ್ಟರಲ್ಲಿ ಮುಗಿಯುವ ಹಾರಾಟ ಅದು. ಇಷ್ಟರಲ್ಲೇ ಬಿಸಿನೆಸ್ ಕ್ಲಾಸಿನ ಸಕಲ ಉಪಚಾರವೂ ನಡೆಯಬೇಕು. ವಿಮಾನ ಮೇಲೇರಿ ನೆಟ್ಟಗಾಗುವುದೇ ತಡ, ಬಿಸಿ ಟವೆಲ್ಲು ಬಂತು. ಮುಖ ಒರೆಸುವಷ್ಟರಲ್ಲಿ ಹಣ್ಣಿನ ರಸ, ಅದಕ್ಕೆ ತುಟಿ ತಾಗಿಸುವಷ್ಟರಲ್ಲಿ ತಟ್ಟೆ. ತಟ್ಟೆಯಲ್ಲಿ ಬ್ರೆಡ್ಡು, ಬೆಣ್ಣೆ, ಬೆರಳುದ್ದದ ಕೇಕು, ಮತ್ತು ಗೊಂಬೆಮನೆಯಿಂದ ತಂದಂಥ ಪುಟ್ಟ ಉಪ್ಪಿನ ಡಬ್ಬಿ.

“ಎಲ್ಲ ಸರಿಯಾಗಿದೆಯಾ ಸರ್?”

ತುಂಬಾ ಚೆನ್ನಾಗಿದೆ ತಾಯಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಕಂಡಕ್ಟರ್ ಮಾವ ಕಣ್ಣ ಮುಂದೆ ಕೆಮ್ಮಿದರು. ಗಂಟಣ್ಣ ಹುಬ್ಬು ಗಂಟಿಕ್ಕಿ, “ಕೇಕು ಚಿಕ್ಕದಾಯ್ತು” ಎಂದ.

ತಕ್ಷಣ ಇನ್ನೊಂದು ಕೇಕು ಬಂತು.

“ಜ್ಯೂಸು ತಣ್ಣಗಿದೆ” ಎಂದ. ಬಿಸಿ ಕಾಫಿ ಬಂತು. “ಕಾಫಿ ಬಿಸಿ ಇದೆ” ಎಂದ. ಮತ್ತೊಂದು ಜ್ಯೂಸು ಬಂತು. ಮಾವನ ಮಂತ್ರಕ್ಕೆ ಇಂಥ ಶಕ್ತಿಯೇ! ಗಂಟಣ್ಣನಿಗೆ ಮೈಯೆಲ್ಲ ಜುಮ್ಮೆಂದಿತು. ಇನ್ನೇನು ಹೇಳಲಿ ಎಂದು ಸುತ್ತ ಹುಡುಕುತ್ತಿದ್ದಾಗ ಗಗನಸಖಿ ತಾನಾಗಿಯೇ ಬಗ್ಗಿ, “ಸರ್, ಸೀಟು ಹೇಗಿದೆ?” ಎಂದು ಕೇಳಿದಳು. ಉಳಿದದ್ದನ್ನು ಕೇಳಿದಂತಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು.

ಆಗ ಗಂಟಣ್ಣನಿಗೆ ಅರಿವಾಯಿತು, ಇಷ್ಟು ಹೊತ್ತೂ ಸಂಭ್ರಮದಲ್ಲಿ ಮರೆತಿದ್ದ ಸಂಗತಿ. ತೊಡೆಯ ಕೆಳಗೆ ಏನೋ ಒತ್ತುತ್ತಿತ್ತು. ಬೆನ್ನ ನಡುವೆ ಏನೋ ಚುಚ್ಚುತ್ತಿತ್ತು. ಕಾಲು ಜೋಮು ಹಿಡಿದು ತನ್ನದೋ ಪಕ್ಕದವರದೋ ತಿಳಿಯದಂತಾಗಿತ್ತು. ಇದು ಬರಿಯ ನೆಪದ ದೂರಲ್ಲ, ಸತ್ಯವಾದ ದೂರು. ಅದೂ ತನ್ನ ಕಸುಬಿನದು!

“ಇದು ಸೀಟಾ ಇದು?” ಎಂದ, ಕೋಟು ಹಿಂದೆ ತೆರೆದುಕೊಂಡದ್ದನ್ನೂ ಲೆಕ್ಕಿಸದೆ ಎದ್ದುನಿಂತು. “ಅಮ್ಮಾ, ನಾನು ಈ ಕಸುಬಲ್ಲಿ ತಲೆ ನೆರೆಸಿದೋನು. ಈ ಮುಂದಂಚಲ್ಲಿ ಹಗ್ಗ ಇಟ್ಟು ಹೊಲ್ದಿದಾನಲ್ಲ, ಇದೇನು ಎಮ್ಮೆ ಕಟ್ಟೋಕಾ? ರಕ್ತ ಕಾಲಿಗೆ ಇಳೀಬೇಡ್ವಾ? ಇನ್ನು ಬೆನ್ನಲ್ಲಿ ಕೈ ಇಟ್ ನೋಡಿ. ಕಲ್ಲು! ಮನುಷ್ಯ ಇಲ್ಲಿ ಒರಗ್ತಾನೆ ಅನ್ನೋ ಜ್ಞಾನ ಬೇಡ್ವಾ ಹೊಲಿಯೋನಿಗೆ? ಇವನು ಜನ್ಮದಲ್ಲಿ ಒಂದು ಸೀಟಿನ ಮೇಲೆ ಕೂತಿದಾನಾ?”

ಪರದೆಯ ಹಿಂದಿನಿಂದ ಎರಡು ತಲೆಗಳು ಇಣುಕಿದವು. ಪ್ರೇಕ್ಷಕರು ಸಿಕ್ಕ ಮೇಲೆ ಗಂಟಣ್ಣನ ಉತ್ಸಾಹ ಇಮ್ಮಡಿಯಾಯಿತು.

“ಇದನ್ನ ಹೊಲ್ದೋನು ನನ್ನ ಕೈಗೆ ಸಿಗ್ಬೇಕು. ಇದೇ ಸೀಟಿನ ಮೇಲೆ ಕೂರಿಸಿ ಊರೂರು ತಿರುಗಿಸ್ತೀನಿ!”

ಗಗನಸಖಿ ಕಣ್ಣರಳಿಸಿ ಕೇಳಿಸಿಕೊಂಡಳು. ಸ್ವೆಟರಿನ ಹಿರಿಯರು ಆಗ ಮೆಲ್ಲಗೆ ಎದ್ದರು.

“ಪಾಪ, ನಿಮಗೆ ತುಂಬಾ ತೊಂದ್ರೆ ಆಗಿದೆ. ನನ್ನ ಸೀಟಲ್ಲಿ ಕೂತ್ಕೊಳ್ಳಿ. ನಾನು ಅಲ್ಲಿ ಕೂರ್ತೀನಿ.”

“ಛೆ ಛೆ, ನೀವು ಹಿರಿಯರು.”

“ಅಯ್ಯೋ, ಅದಕ್ಕೇನಂತೆ? ನಿಮ್ಮಂಥ ತಿಳಿದೋರು ಕೂತು ಹೇಳ್ಬೇಕು.”

ಇಂಥ ಸಜ್ಜನರೂ ಲೋಕದಲ್ಲಿದ್ದಾರಲ್ಲ ಎಂದು ಗಂಟಣ್ಣನ ಕಣ್ಣು ಒದ್ದೆಯಾಯಿತು. ಅವರ ಸೀಟಿನಲ್ಲಿ ಕೂತ. ಕೂತವನು ಹಾಗೇ ಕಣ್ಣು ಮುಚ್ಚಿದ. ತೊಡೆಯ ಕೆಳಗೆ ಅಂಚು ಇದೆಯೋ ಇಲ್ಲವೋ ಎಂಬಂತಿತ್ತು. ಬೆನ್ನಿಗೆ ಯಾರೋ ಅಂಗೈ ಕೊಟ್ಟು ಹಿಡಿದುಕೊಂಡಂತಿತ್ತು. ಆ ಕ್ಷಣದಲ್ಲಿ ಕಂಡಕ್ಟರ್ ಮಾವನೂ ಅವನ ಬಾಯಿ ಕಟ್ಟಲಾರದಾದರು.

“ಆಹಾ! ಅಮ್ಮಾ, ಬಾಮ್ಮ ಇಲ್ಲಿ. ಇದು ಸೀಟು! ಇದನ್ನ ಹೊಲ್ದೋನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು. ನಿಮ್ಮ ಕಂಪನಿ ವಿಮಾನಕ್ಕೆಲ್ಲ ಇಂಥದ್ದೇ ಹಾಕ್ಸಿ. ಯಾರಾದ್ರೂ ಕೇಳಿದ್ರೆ ನಾನು ಹೇಳ್ದೆ ಅಂತ ಹೇಳಿ.”

“ಖಂಡಿತ ಹೇಳ್ತೀನಿ ಸರ್” ಎಂದಳು ಗಗನಸಖಿ.

ವಿಮಾನ ಇಳಿಯಿತು. ಗಂಟಣ್ಣ ಉಪ್ಪಿನ ಡಬ್ಬಿಯನ್ನು ಹೆಂಡತಿಗೆಂದು ಕಿಸೆಗಿಳಿಸಿ, ಸಜ್ಜನರ ಕೈ ಕುಲುಕಿ, ಹಾರಿಕೊಂಡೇ ಹೊರಗೆ ಬಂದ. ಕಂಪನಿಯ ಕಚೇರಿ ನಿಲ್ದಾಣದ ಪಕ್ಕದಲ್ಲೇ ಇತ್ತು. ಹೊರಗಿನ ಬೆಂಚಿನಲ್ಲಿ ಒಂದಿಷ್ಟು ಹೊತ್ತು ಕಾಯಿಸಿ ಒಳಗೆ ಕರೆದರು.

ಖರೀದಿ ಮೇಡಂ ದೊಡ್ಡ ಮೇಜಿನ ಹಿಂದೆ ಕೂತಿದ್ದರು. ಎದುರಿನ ಕುರ್ಚಿಯಲ್ಲಿ ಸ್ವೆಟರಿನ ಹಿರಿಯರು ಕೂತಿದ್ದರು.

“ಓಹೋ, ನೀವಾ!” ಎಂದ ಗಂಟಣ್ಣ ಸಂತೋಷದಿಂದ. “ನೀವೂ ಇದೇ ಕಂಪನಿಯೋರಾ?”

“ಇಲ್ಲ, ಇವರದ್ದೂ ನಿಮ್ಮ ಹಾಗೇ ಸೀಟ್ ಕಾರ್ಖಾನೆ” ಎಂದರು ಮೇಡಂ. “ಕೂತ್ಕೊಳ್ಳಿ. ಆರ್ಡರಿಗೆ ಉಳಿದಿರೋದು ನೀವಿಬ್ಬರೇ.”

ಗಂಟಣ್ಣ ಕೂತ. ಕೂತ ಕುರ್ಚಿ ಚೆನ್ನಾಗಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

“ನಾವು ಕಾರ್ಖಾನೆಯೋರ ಮಾತು ಕೇಳಿ ಆರ್ಡರ್ ಕೊಡಲ್ಲ. ಕೂತೋರನ್ನ ಕೇಳ್ತೀವಿ. ಅದಕ್ಕೇ ಎರಡೂ ಕಡೆಯಿಂದ ಒಂದೊಂದು ಮಾದರಿ ಕವರು ತರಿಸಿ, ಆ ವಿಮಾನದ ಮೊದಲನೇ ಸಾಲಿಗೆ ಹಾಕ್ಸಿದ್ವಿ. ಯಾರದ್ದು ಯಾವುದು ಅಂತ ಗೊತ್ತಾಗಬಾರದು ಅಂತ ಮೇಲೆ ಬೂದು ಮುಸುಕು. ವಾರದಿಂದ ಪ್ರಯಾಣಿಕರನ್ನ ಕೇಳ್ತಾನೇ ಇದೀವಿ. ಎಲ್ಲರೂ ‘ಪರವಾಗಿಲ್ಲ’ ಅಂತಾರೆ, ಇಳಿದು ಹೋಗ್ತಾರೆ. ಅದಕ್ಕೆ, ತಾವು ಮಾಡಿದ್ದರ ಮೇಲೆ ತಾವೇ ಕೂತು ನೋಡ್ಲಿ ಅಂತ, ನಿಮ್ಮಿಬ್ಬರನ್ನೂ ನಿಮ್ಮನಿಮ್ಮ ಸೀಟಲ್ಲೇ ಕೂರಿಸಿ ಕರೆಸಿಕೊಳ್ಳೋಣ ಅಂದ್ಕೊಂಡ್ವಿ.”

ಬಾಗಿಲು ತೆರೆಯಿತು. ಗಗನಸಖಿ ಒಳಗೆ ಬಂದು ಗಂಟಣ್ಣನಿಗೆ ಕೈಮುಗಿದಳು.

“ಇವಳು ಎಲ್ಲಾ ಹೇಳಿದ್ಲು” ಎಂದರು ಮೇಡಂ. “ಇಷ್ಟು ಬಿಡಿಸಿ ಹೇಳಿದೋರು ನೀವೊಬ್ಬರೇ.”

ಗಂಟಣ್ಣ ಕುರ್ಚಿಯ ತುದಿಗೆ ಸರಿದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಯಜಮಾನರು ಹಲ್ಲಿನ ಡಾಕ್ಟರಿಗೆಂದು ಹೊಲಿಸಿದ್ದರೇ ಹೊರತು ವಿಮಾನಕ್ಕೆಂದು ಒಂದು ಕವರನ್ನೂ ಹೊಲಿಸಿರಲಿಲ್ಲ. ಎಲ್ಲೋ ಏನೋ ತಪ್ಪಾಗಿರಬೇಕು.

“ಮೇಡಂ, ಆ ಮೊದಲನೇದು... ಕಿಟಕಿ ಪಕ್ಕದ್ದು... ನಮ್ಮದು ಆಗಿರಲ್ಲ ಅನ್ಸುತ್ತೆ. ನಾವು ಡಾಕ್ಟರ ಮನೆಗೆ ಮಾತ್ರ...”

“ಗುಟ್ಟು ಹೊರಗೆ ಹೋಗ್ಬಾರದು ಅಂತ ಕೆಲಸದೋರಿಗೆ ಹಾಗೆ ಹೇಳಿದೀನಿ ಅಂತ ನಿಮ್ಮ ಯಜಮಾನ್ರೇ ಹೇಳಿದ್ರು. ನೀವೇ ಬೈದ ಮೇಲೆ ಆ ಕವರನ್ನ ಯಾಕೆ ಇಟ್ಕೊಳ್ಳೋದು ಅಂತ ಬಿಚ್ಚೋಕೆ ಹೇಳ್ದೆ. ಆದ್ರೆ ನಮ್ಮ ಮೆಕ್ಯಾನಿಕ್ಕು ಇನ್ನೂ ಒದ್ದಾಡ್ತಾನೇ ಇದಾನೆ. ಬೆನ್ನಿನ ಒಳಗೆ ಅದೆಂಥದೋ ಗಂಟಂತೆ. ಏನು ಮಾಡಿದ್ರೂ ಬಿಚ್ತಾ ಇಲ್ವಂತೆ.”

ಗಂಟಣ್ಣನಿಗೆ ಅಳು ಬಂತು. ಅಳುವಿನ ಒಳಗೆ ಎಲ್ಲೋ ಒಂದು ಎಳೆ ಹೆಮ್ಮೆಯೂ ಇತ್ತು.

“ಬಿಚ್ಚಲ್ಲ ಮೇಡಂ” ಎಂದ ಸಣ್ಣ ದನಿಯಲ್ಲಿ. “ಅದು ಬಿಚ್ಚಲ್ಲ.”

ಹಿರಿಯರು ಅವನ ಭುಜ ತಟ್ಟಿದರು. “ನನ್ನ ಸೀಟನ್ನ ನಾನೇ ಹೊಗಳಿಕೊಂಡ್ರೆ ಯಾರು ನಂಬ್ತಿದ್ರು? ನಿಮ್ಮ ಉಪಕಾರ ಮರೆಯಲ್ಲ” ಎಂದರು. ಸಜ್ಜನರೇ, ಅದರಲ್ಲಿ ಎರಡು ಮಾತಿಲ್ಲ.

ಮರಳುವ ಟಿಕೆಟ್ಟೂ ಬಿಸಿನೆಸ್ ಕ್ಲಾಸೇ. ಅದೇ ವಿಮಾನ, ಅದೇ ಮೊದಲ ಸಾಲು, ಅದೇ ಕಿಟಕಿ. ಮೆಕ್ಯಾನಿಕ್ಕು ಸೋತು ಕೈಬಿಟ್ಟಿದ್ದ. ಬೂದು ಮುಸುಕು ತೆಗೆದಿದ್ದರಿಂದ ಮುಂದಂಚಿನಲ್ಲಿ ಹೆಬ್ಬೆರಳು ದಪ್ಪದ ಹುರಿ ಹೆಬ್ಬಾವಿನಂತೆ ಮಲಗಿದ್ದು ಕಾಣುತ್ತಿತ್ತು. ಹೊಲಿಗೆ ಒಂದೊಂದೂ ಮುತ್ತಿನ ಹಾಗಿತ್ತು. ಗಂಟಣ್ಣ ಅದನ್ನು ಒಮ್ಮೆ ಕೈಯಿಂದ ಸವರಿ, ಅದರ ಮೇಲೆ ಕೂತ. ಈ ಸಲ ಟವೆಲ್ಲು ಹಾಸಲಿಲ್ಲ.

“ಸೀಟು ಹೇಗಿದೆ ಸರ್?” ಎಂದು ಗಗನಸಖಿ ಅಭ್ಯಾಸಬಲದಿಂದ ಕೇಳಿ ನಾಲಿಗೆ ಕಚ್ಚಿಕೊಂಡಳು.

“ಪರವಾಗಿಲ್ಲಮ್ಮ” ಎಂದ ಗಂಟಣ್ಣ.

ಸಂಜೆ ಬೀದಿಗೆ ಬೀದಿಯೇ ಕಾದಿತ್ತು. ಹೆಂಡತಿ ಬಾಗಿಲಲ್ಲಿ ನಗುತ್ತ ನಿಂತಿದ್ದಳು. ಸ್ಟುಡಿಯೋದವನು ಓಡಿ ಬಂದು ಮೊದಲು ಕೋಟಿನ ಬೆನ್ನು ನೋಡಿದ. ಕಂಡಕ್ಟರ್ ಮಾವ ಜಗಲಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ಬಾ ಬಾ, ಕೂತ್ಕೋ. ನಾನು ಹೇಳ್ದ ಹಾಗೆ ಗೊಣಗಿದ್ಯಾ?”

“ಗೊಣಗ್ದೆ ಮಾವ.”

“ಕೇಳಿದ್ರಾ?”

“ಒಂದೊಂದು ಮಾತೂ ಕೇಳಿದ್ರು.”

“ನೋಡಿದ್ರಾ!” ಎಂದು ಮಾವ ಬೀದಿಯ ಕಡೆ ತಿರುಗಿ ತೊಡೆ ತಟ್ಟಿಕೊಂಡರು. “ಕೂತ್ಕೋ, ಎಲ್ಲಾ ಬಿಡಿಸಿ ಹೇಳು.”

“ಬೇಡ ಮಾವ. ನಾನು ನಿಂತೇ ಇರ್ತೀನಿ.”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ಎತ್ತಿ, “ಯಜಮಾನ್ರು ಕಣ್ರೀ, ಈಗ ಎಚ್ಚರ ಆಯ್ತಂತೆ” ಎಂದು ಕೈಗಿತ್ತಳು. ಸೂಜಿಮದ್ದಿನ ಮಂಪರು ಇನ್ನೂ ಇಳಿದಿರಲಿಲ್ಲ. ಯಜಮಾನರ ಪಾಲಿಗೆ ಅದಿನ್ನೂ ಬೆಳಿಗ್ಗೆಯೇ ಆಗಿತ್ತು.

“...ಅದು ನಮ್ಮದೇ ಸೀಟು ಕಣೋ” ಎಂದರು ಅವರು, ನಿಲ್ಲಿಸಿದ್ದ ಮಾತನ್ನು ನಿಲ್ಲಿಸಿದ್ದಲ್ಲಿಂದಲೇ ಎತ್ತಿಕೊಂಡು. “ಯಾರು ಕೇಳಿದ್ರೂ ಚೆನ್ನಾಗಿದೆ ಅನ್ನು, ಅಷ್ಟು ಸಾಕು. ಹೂಂ, ಹೊರಡು ಹೊರಡು, ವಿಮಾನ ತಪ್ಪೋಗುತ್ತೆ!”